ಬಿಳಿ ಬಟ್ಟೆಯ ಸಸಿಮಡಿ

ಚಳಿ ಮುರಿದು ಬಿಸಿಲು ಮೈಗೆ ಹಿತವಾಗುವ ಕಾಲ. ಎಲೆಕೋಸಿನ ಸಸಿ ಕೀಳುವ ಕೆಲಸ ನಸುಕಿನಲ್ಲೇ ಹತ್ತಿತ್ತು. ಮಣ್ಣಿನ ಮೇಲಿನ ಇಬ್ಬನಿ ಆರುವ ಮೊದಲು ಕಿತ್ತರೆ ಬೇರು ಹರಿಯುವುದಿಲ್ಲ. ಹೊತ್ತೇರಿದರೆ ಮಣ್ಣು ಬೇರನ್ನು ಬಿಟ್ಟುಕೊಡುವುದಿಲ್ಲ. ಅಪ್ಪ ಮಡಿಯ ಒಂದು ತುದಿಯಲ್ಲಿ, ಅಮ್ಮ ಇನ್ನೊಂದು ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಬ್ಬರತ್ತ ಒಬ್ಬರು ಸರಿಯುತ್ತಿದ್ದರು. ನಡುವೆ ದೊಡ್ಡವಳು. ಐವತ್ತು ಸಸಿಗೆ ಒಂದು ಕಟ್ಟು, ಕಟ್ಟಿಗೊಂದು ನಾರು. ಕಟ್ಟಿದ್ದನ್ನು ಒದ್ದೆ ಗೋಣಿತಾಟಿನ ಮೇಲೆ ತಲೆಗಳೆಲ್ಲ ಒಂದೇ ಕಡೆ ಬರುವಂತೆ ಮಲಗಿಸಬೇಕು. ಬುದ್ಧಿ ಬಂದಾಗಿನಿಂದ ಮಾಡಿದ ಕೆಲಸ. ಆದರೂ ಒಂದು ವರ್ಷ ಮಣ್ಣು ಮುಟ್ಟದ ಬೆರಳು ಮರೆತಿತ್ತು. ಅಮ್ಮ ಮೂರು ಕಟ್ಟು ಮುಗಿಸುವಷ್ಟರಲ್ಲಿ ಅವಳದು ಒಂದಾಗುತ್ತಿತ್ತು.

"ಅಲ್ಲಿ ಒಂದೊಂದು ಸಸೀನೂ ತಟ್ಟೆಯ ಒಂದೊಂದು ಪುಟ್ಟ ಗುಳೀಲಿ ಬೆಳೆಸ್ತಾರಪ್ಪ. ಕೀಳೋ ಗೋಜೇ ಇಲ್ಲ," ಎಂದಳು ದೊಡ್ಡವಳು.

ಅಪ್ಪ ತಲೆಯೆತ್ತದೆ, "ಒಂದು ಕ್ಯಾನು," ಎಂದ.

"ಅಯ್ಯೋ, ಇದೂ ಲೆಕ್ಕಕ್ಕಾ?"

"ಅಲ್ಲಿ ಅಂದ್ಯಲ್ಲ. ಒಂದು ಕ್ಯಾನು."

ಈ ದಂಡ ಶುರುವಾಗಿ ಐದು ದಿನವಾಗಿತ್ತು. ದೊಡ್ಡವಳು ಹೋಗಿದ್ದು ಕಡಲಾಚೆಯ ಒಂದು ಚಳಿ ಊರಿಗೆ. ಕೈಕಾಲು ಸ್ವಾಧೀನವಿಲ್ಲದ ಮುದುಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯಲ್ಲಿ ಸಂಬಳವಿಲ್ಲದ ಸೇವೆ. ಊಟ, ಒಂದು ಕೋಣೆ, ಹೋಗಿ ಬರುವ ಖರ್ಚು ಅವರದು; ಒಂದು ವರ್ಷ ಇವಳದು. ಬಂದಿಳಿದ ಮೊದಲ ಮೂರು ದಿನ ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಮಾತು ಕೇಳಿದರು. ನಾಲ್ಕನೆಯ ದಿನಕ್ಕೆ 'ಅಲ್ಲಿ' ಎಂಬುದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಸಿಗತೊಡಗಿತು. ಅಲ್ಲಿ ಪಾತ್ರೆ ಹೀಗೆ ತೊಳೀತಾರೆ, ಅಲ್ಲಿ ಹಾಸಿಗೆ ಹೀಗೆ ಮಡಿಸ್ತಾರೆ, ಅಲ್ಲಿ ಯಾರೂ ಜೋರಾಗಿ ಮಾತಾಡಲ್ಲ. ಜೋರು ಮಾತಿನ ಸುದ್ದಿಗೆ ಬಂದಾಗ ಅಪ್ಪ ಕಾನೂನು ಮಾಡಿದ: ಒಂದು 'ಅಲ್ಲಿ'ಗೆ ಒಂದು ಕ್ಯಾನು ನೀರು, ತೊಟ್ಟಿಯಿಂದ ಮಡಿಗೆ. ಅಜ್ಜಿ ಮಂಚದ ಮೇಲಿಂದಲೇ ಎಣಿಸುತ್ತಿದ್ದಳು. "ಇವತ್ತು ನಾಕಾಯ್ತು ಕಣೋ. ಹಾಲು ಕುಡೀವಾಗ ಒಂದು ಅಂದಿದ್ದು ನಿಂಗೆ ಕೇಳಿಸಿಲ್ಲ."

ಸಂಜೆಯ ಹೊತ್ತು ದೊಡ್ಡವಳು ನಗುತ್ತಲೇ ದಂಡದ ಕ್ಯಾನು ಹೊತ್ತು ತೊಟ್ಟಿಗೆ ಹತ್ತಿರವಿದ್ದ ಮಡಿಗೆ ಸುರಿಯುತ್ತಿದ್ದಳು. ಆ ಮಡಿಯ ಮೂಲೆಯಲ್ಲೊಂದು ಕಡ್ಡಿ, ಕಡ್ಡಿಗೆ ಬಿಳಿ ಬಟ್ಟೆಯ ಚೂರು. ಹಕ್ಕಿ ಬೆದರಿಸುವುದಕ್ಕೆ ಕಟ್ಟಿರಬೇಕು ಎಂದುಕೊಂಡಳು. ಸಸಿಗಳು ಸ್ವಲ್ಪ ಸೊರಗಿದಂತಿದ್ದವು. ಪಾಪ ಎನಿಸಿ ಎರಡು ಕ್ಯಾನು ಹೆಚ್ಚಿಗೇ ಹಾಕುತ್ತಿದ್ದಳು.

ಅಂದು ಸಸಿ ಕಟ್ಟಿ ಗಾಡಿಗೆ ಹೇರಿ ಒಳಗೆ ಬಂದಾಗ ಅಜ್ಜಿಯ ಗಂಜಿಯ ಹೊತ್ತು. ಹನ್ನೊಂದು ತಿಂಗಳ ಹಿಂದೆ, ದೊಡ್ಡವಳು ಹೋಗಿ ಇನ್ನೂ ತಿಂಗಳಾಗುವ ಮೊದಲೇ, ಅಜ್ಜಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ದೊಡ್ಡವಳು ಫೋನಿನಲ್ಲಿ ಅತ್ತು, ಬಂದುಬಿಡ್ತೀನಿ ಎಂದಿದ್ದಳು. "ನೀನೇನೂ ಬರೋದು ಬೇಡಕ್ಕ, ನಾನಿದೀನಿ. ನಿನ್ನ ವರ್ಷ ಮುಗಿಸ್ಕೊಂಡು ಬಾ," ಎಂದಿದ್ದಳು ಚಿಕ್ಕವಳು.

ಆ ಚಿಕ್ಕವಳು ಬಾಗಿಲ ಪಕ್ಕ ನೆಲದ ಮೇಲೆ ಪಂಪಿನ ಬಿಚ್ಚಿದ ಭಾಗಗಳನ್ನು ಹರಡಿಕೊಂಡು ಕೂತಿದ್ದಳು. ಮಂಚದ ಮುಂದಿನ ಸ್ಟೂಲಿನ ಮೇಲೆ ಗಂಜಿಯ ಬಟ್ಟಲು. ಅಜ್ಜಿಯ ಎಡಗೈಯಲ್ಲಿ ಹಿಡಿಗೆ ಚಿಂದಿ ಸುತ್ತಿದ ಕಬ್ಬಿಣದ ಚಮಚ. ಅದು ಬಟ್ಟಲಿಂದ ಬಾಯಿಗೆ ಬರುವ ದಾರಿಯಲ್ಲಿ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು. ಗಂಜಿ ಆರಿ ಕೆನೆಗಟ್ಟಿತ್ತು.

ದೊಡ್ಡವಳು ಬಂದ ದಿನವೇ ಇದನ್ನು ನೋಡಿ ಮುಖ ಸಣ್ಣಗೆ ಮಾಡಿಕೊಂಡಿದ್ದಳು. ವಾರವೆಲ್ಲ ತಡೆದಿದ್ದವಳು ಇವತ್ತು ತಡೆಯಲಿಲ್ಲ.

"ಏನೇ ಇದು? ನೀನು ಇಲ್ಲೇ ಕೂತಿದೀಯ. ಎದ್ದು ನಾಕು ಚಮಚ ಉಣಿಸಿದ್ರೆ ನಿನ್ನ ಕೈ ಸವೆಯುತ್ತಾ?"

"ಅಜ್ಜಿ ಕೈ ಸವೆಯುತ್ತೆ," ಎಂದಳು ಚಿಕ್ಕವಳು, ಸ್ಪ್ಯಾನರು ಬಿಡದೆ. "ತಾನೇ ಉಣ್ತಾಳೆ ಬಿಡು. ಒಂದು ಗಂಟೆ ಹಿಡಿಯುತ್ತೆ, ಹಿಡೀಲಿ."

"ಆರಿದ ಗಂಜಿ!"

"ಬಿಸಿ ಇದ್ರೆ ಚೆಲ್ಲಿದಾಗ ಸುಡಲ್ವಾ?"

ದೊಡ್ಡವಳು ತನ್ನ ಚೀಲದಿಂದ ಒಂದು ಮರದ ಚಮಚ ತಂದಳು. ಹಿಡಿ ಒಂದು ಬದಿಗೆ ಬಾಗಿದ, ಬಳಸಿ ಬಳಸಿ ನುಣ್ಣಗಾದ ಚಮಚ. ಅದನ್ನು ಬಂದ ದಿನವೇ ಎಲ್ಲರಿಗೂ ತೋರಿಸಿದ್ದಳು. ಅಲ್ಲಿ ನೀಲಿ ಟೊಪ್ಪಿಯ ಮುದುಕಿಯೊಬ್ಬಳು ತನ್ನನ್ನು ಬೀಳ್ಕೊಡುವ ದಿನ ತನಗೆಂದೇ ಕೊಟ್ಟದ್ದು, ಅವಳ ಹತ್ತಿರ ಇದ್ದ ಸ್ವಂತದ ವಸ್ತು ಅದೊಂದೇ. ಆ ಚಮಚದಿಂದ ಹೊಸದಾಗಿ ಬಿಸಿ ಮಾಡಿದ ಗಂಜಿಯನ್ನು ಅಜ್ಜಿಗೆ ಉಣಿಸಿದಳು. ಹತ್ತು ನಿಮಿಷಕ್ಕೆ ಬಟ್ಟಲು ಖಾಲಿ. ಎದೆಯ ಮೇಲೆ ಒಂದು ಹನಿ ಇಲ್ಲ.

"ನೋಡೇ ಜೈಲರಮ್ಮ," ಎಂದಳು ಅಜ್ಜಿ ಚಿಕ್ಕವಳಿಗೆ, ತುಟಿ ಒರೆಸಿಸಿಕೊಳ್ಳುತ್ತ. "ಊಟ ಮಾಡ್ಸೋದು ಅಂದ್ರೆ ಹೀಗೆ. ಇವಳು ಬಂದ್ಮೇಲೆ ನಾನು ರಾಣಿ."

"ರಾಣಿ ಆಗು. ಬೀನ್ಸ್ ಬೀಜ ಯಾರು ಆರಿಸ್ತಾರೆ?"

ಚಿಕ್ಕವಳು ತಟ್ಟೆಯೊಂದನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. ಬಿತ್ತನೆಯ ಬೀಜ, ಸುಕ್ಕಾದವು, ತೂತು ಬಿದ್ದವು ಒಂದು ಕಡೆ, ಒಳ್ಳೆಯವು ಇನ್ನೊಂದು ಕಡೆ. ಅಜ್ಜಿ ದೊಡ್ಡವಳ ಮುಖ ನೋಡಿದಳು. ದೊಡ್ಡವಳು ತಟ್ಟೆ ತೆಗೆದು ಕಪಾಟಿನ ಮೇಲಿಟ್ಟಳು.

"ಪಾರ್ಶ್ವ ಬಿದ್ದ ಮುದುಕಿ ಹತ್ರ ಕೂಲಿ ಮಾಡಿಸ್ಕೋತಾರೇನೆ? ನಾನು ಆರಿಸ್ತೀನಿ ಬಿಡು."

ಕೈ ತೊಳೆಯಲು ಒಳಗೆ ಬಂದಿದ್ದ ಅಮ್ಮನೂ, "ಅವಳು ಒಂದು ವರ್ಷ ಇದೇ ಕೆಲಸ ಕಲಿತು ಬಂದಿದಾಳೆ ಕಣೆ. ಅವಳಿಗೆ ಗೊತ್ತಿರುತ್ತೆ," ಎಂದಳು.

ಚಿಕ್ಕವಳು ಸ್ಪ್ಯಾನರು ಕೆಳಗಿಟ್ಟಳು. "ಆಗ್ಲಿ. ನೀವೇ ನೋಡ್ಕೊಳ್ಳಿ," ಎಂದು ಪಂಪಿನ ಭಾಗಗಳನ್ನು ಮಡಿಲಿಗೆ ತುಂಬಿಕೊಂಡು ಪಂಪಿನ ಕೋಣೆಗೆ ಹೋದಳು. ಹೋಗುವ ಮೊದಲು ಚಿಂದಿ ಸುತ್ತಿದ ಚಮಚವನ್ನು ತೊಳೆದು ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದಳು. ಅದರ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರು. ಅದರ ಮನೆಗಳಲ್ಲೆಲ್ಲ ಪೆನ್ಸಿಲಿನ ಅಂಕಿಗಳಿದ್ದವು. ಮೊಟ್ಟೆಯ ಲೆಕ್ಕವೋ ಹಾಲಿನ ಲೆಕ್ಕವೋ, ದೊಡ್ಡವಳು ಕೇಳಲಿಲ್ಲ.

ಆಮೇಲಿನ ದಿನಗಳು ಸಲೀಸಾಗಿ ಹೋದವು. ಮೂರು ಹೊತ್ತೂ ದೊಡ್ಡವಳೇ ಉಣಿಸಿದಳು, ತಲೆ ಬಾಚಿದಳು, ಮೈಯಡಿ ದುಪ್ಪಟಿ ಹಾಸಿ ಎಳೆದು ಮಗ್ಗುಲು ಬದಲಾಯಿಸುವ ಉಪಾಯವನ್ನು ಅಮ್ಮನಿಗೂ ಕಲಿಸಿದಳು. ಆ ಉಪಾಯ ನಿಜಕ್ಕೂ ಒಳ್ಳೆಯದಿತ್ತು; ಅಮ್ಮನ ಸೊಂಟನೋವು ಅರ್ಧಕ್ಕಿಳಿಯಿತು. ಮಧ್ಯಾಹ್ನ ಅಡುಗೆಮನೆಯ ಮೇಜಿನಲ್ಲಿ ಕೂತು, ತನ್ನನ್ನು ಕಳಿಸಿದ ಸಂಸ್ಥೆಯವರು ಕೇಳಿದ್ದ ಎರಡು ಪುಟದ ವರದಿ ಬರೆಯಲು ನೋಡುತ್ತಿದ್ದಳು. 'ಈ ಒಂದು ವರ್ಷದಲ್ಲಿ ನಾನು ಕೊಟ್ಟದ್ದು, ಪಡೆದದ್ದು' ಎಂಬುದು ಅವರೇ ಕೊಟ್ಟ ತಲೆಬರಹ. 'ಹದಿಮೂರು ಜನಕ್ಕೆ ದಿನಕ್ಕೆ ಮೂರು ಹೊತ್ತು ಊಟ ಮಾಡಿಸಿದೆ' ಎಂದು ಒಂದು ಸಾಲು ಬರೆದಿದ್ದಳು. ಎರಡನೆಯ ಸಾಲು ಬರುತ್ತಿರಲಿಲ್ಲ.

ಎರಡನೆಯ ವಾರದಲ್ಲೊಂದು ಸಂಜೆ ಊಟಕ್ಕೆ ಕೂತಾಗ ಅವಳು ಒಂದು ಪತ್ರವನ್ನು ಅಪ್ಪನ ಕೈಗಿಟ್ಟಳು.

"ಏನಮ್ಮ ಇದು?"

"ಆ ಮನೆ ಮೇಲ್ವಿಚಾರಕಿ ಕೊಟ್ಟಿದ್ದು. ಮತ್ತೊಂದು ವರ್ಷ ಬಾ ಅಂತಾರೆ. ಈ ಸಲ ಸಂಬಳ ಇದೆ, ಕಮ್ಮಿಯೇ. ತಿಂಗಳ ಕೊನೇ ಒಳಗೆ ಹೂಂ ಅಂತ ಬರೀಬೇಕು."

ಅಪ್ಪ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅಮ್ಮನಿಗೆ ದಾಟಿಸಿದ. ಅಮ್ಮ ಅದನ್ನು ಸಾರಿನ ಪಾತ್ರೆಯಿಂದ ದೂರಕ್ಕಿಟ್ಟಳು. ಎಲ್ಲರೂ ಚಿಕ್ಕವಳನ್ನು ನೋಡದೆ ಇರಲು ಪ್ರಯತ್ನಪಟ್ಟರು.

ಮಾತು ಹೋದ ವರ್ಷ ಇದೇ ಮೇಜಿನಲ್ಲಿ ಆಗಿತ್ತು. ಇಬ್ಬರೂ ಒಟ್ಟಿಗೆ ಹೋದರೆ ಸಸಿಯ ಕೆಲಸ ನಿಲ್ಲುತ್ತದೆ. ದೊಡ್ಡವಳು ಮೊದಲು ಹೋಗಿಬರಲಿ, ಆಮೇಲೆ ಚಿಕ್ಕವಳು ಪಟ್ಟಣದ ಶಾಲೆಯಲ್ಲಿ ಒಂದು ವರ್ಷ ಪಂಪು ಮೋಟಾರು ರಿಪೇರಿ ಕಲಿಯಲಿ. ಶಾಲೆಯವರು ಅವಳ ಜಾಗವನ್ನು ಒಂದು ವರ್ಷ ಹಿಡಿದಿಟ್ಟಿದ್ದರು. ಎರಡನೆಯ ಸಲ ಹಿಡಿಯುವುದಿಲ್ಲ ಎಂದು ಬರೆದೂ ಕೊಟ್ಟಿದ್ದರು.

"ತಿಂಗಳ ಕೊನೆ ಅಂದ್ರೆ," ಎಂದಳು ಚಿಕ್ಕವಳು ಮೆಲ್ಲಗೆ, "ನನ್ನ ತರಗತಿ ಶುರುವಾಗೋ ಹಿಂದಿನ ದಿನ."

"ನಾನು ಹೋಗ್ತೀನಿ ಅಂತ ಹೇಳ್ಲಿಲ್ವಲ್ಲ."

"ಹೋಗಲ್ಲ ಅಂತಾನೂ ಹೇಳ್ಲಿಲ್ಲ."

"ಅವರಿಗೆ ಕೈ ಸಾಲದು ಕಣೆ. ಅಲ್ಲಿ ಒಬ್ಬೊಬ್ಬರಿಗೂ..."

"ಒಂದು ಕ್ಯಾನು," ಎಂದಳು ಅಜ್ಜಿ ಮಂಚದಿಂದ. ಯಾರೂ ನಗಲಿಲ್ಲ.

"ಇಲ್ಲೇನು ಕೈ ಹೆಚ್ಚಾಗಿ ಚೆಲ್ಲಾಡ್ತಾ ಇದೆಯಾ?" ಎಂದಳು ಚಿಕ್ಕವಳು. "ಕಡಲಾಚೆ ಮುದುಕಿಗೆ ಮಾಡಿದ್ರೆ ಸೇವೆ. ಮನೆ ಮುದುಕಿಗೆ ಮಾಡಿದ್ರೆ ಅದಕ್ಕೆ ಹೆಸರೇ ಇಲ್ಲ. ನನಗೂ ಯಾರಾದ್ರೂ ವರದಿ ಬರಿ ಅಂದಿದ್ರೆ ಬರೀತಿದ್ದೆ."

ಅಪ್ಪ ಎದ್ದು ಕೈ ತೊಳೆದ. "ಮೊದಲು ಲೆಕ್ಕದ ಮೇಷ್ಟ್ರ ಎಲೆಕೋಸು ಸಾಗಿಸೋಣ. ಆಮೇಲೆ ಮಿಕ್ಕಿದ್ದು," ಎಂದ.

ಲೆಕ್ಕದ ಮೇಷ್ಟ್ರೆಂದರೆ ಶಾಲೆಯಿಂದ ನಿವೃತ್ತರಾಗಿ ತರಕಾರಿ ಬೆಳೆಯಲು ಇಳಿದವರು. ಸಾಲಿಗೆ ಇಷ್ಟು, ಗೇಣಿಗೆ ಒಂದು ಎಂದು ಅಳತೆಯ ದಾರ ಹಿಡಿದು ನೆಡುವವರು. ಅವರಿಗೆ ಎಂಟುನೂರು ಸಸಿ, ಬಿಳಿ ಬಟ್ಟೆಯ ಮಡಿಯಿಂದಲೇ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಅವರು ನಡೆದೇ ಬಂದರು. ಕರವಸ್ತ್ರ ಬಿಚ್ಚಿ ಆರು ಸಸಿಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಎಲ್ಲವೂ ಕುತ್ತಿಗೆ ಮುರಿದು, ಬೇಯಿಸಿದ ಸೊಪ್ಪಿನಂತಾಗಿದ್ದವು.

"ಎಂಟುನೂರರಲ್ಲಿ ಆರುನೂರ ತೊಂಬತ್ತು," ಎಂದರು ಮೇಷ್ಟ್ರು. ದನಿ ಏರಿಸಲಿಲ್ಲ. "ಮೊದಲನೇ ಬಿಸಿಲಿಗೇ ಮಲಗಿದ್ವು. ನಿಮ್ಮ ಸಸಿ ಹೀಗೆ ಮಾಡಿದ್ದು ಹದಿನೈದು ವರ್ಷದಲ್ಲಿ ಇದೇ ಮೊದಲು. ನಾನು ನೆಟ್ಟಿದ್ದರಲ್ಲೇ ತಪ್ಪಿದ್ರೆ ಹೇಳಿಬಿಡಿ."

ಅಪ್ಪ ಒಂದು ಸಸಿಯ ಕಾಂಡವನ್ನು ಉಗುರಿನಿಂದ ಸೀಳಿ ನೋಡಿದ. ನೀರು ಜಿನುಗಿತು.

"ತಪ್ಪು ನಿಮ್ಮದಲ್ಲ ಮೇಷ್ಟ್ರೇ. ಇದು ಬಾಯಾರಿಕೆ ಕಂಡಿಲ್ಲ," ಎಂದ.

ಕೀಳುವ ಮೊದಲಿನ ಹತ್ತು ದಿನ ಸಸಿಗೆ ನೀರು ಕಮ್ಮಿ ಮಾಡುತ್ತ ಬಂದು, ಕೊನೆಗೆ ನಿಲ್ಲಿಸಿಯೇ ಬಿಡುವುದು ಆ ಮನೆಯ ಪದ್ಧತಿ. ಬಾಯಾರಿಕೆ ಕಲಿಸೋದು ಎನ್ನುತ್ತಿದ್ದರು. ಎಲೆ ಸೊರಗುತ್ತದೆ, ನೋಡುವವರಿಗೆ ಪಾಪ ಎನಿಸುತ್ತದೆ. ಆದರೆ ಕಾಂಡ ಗಟ್ಟಿಯಾಗಿ ಬೇರು ಆಳಕ್ಕೆ ಹುಡುಕಿಕೊಂಡು ಹೋಗುತ್ತದೆ. ಹೊಸ ಹೊಲದ ಬಿಸಿಲಿಗೆ ಅಂಥ ಸಸಿ ಹೆದರುವುದಿಲ್ಲ. ಯಾವ ಮಡಿಗೆ ಯಾವಾಗ ನೀರು ನಿಲ್ಲಿಸಿದೆ ಎಂಬುದನ್ನು ಅಪ್ಪ ಮೊದಲು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ಹೋದ ವರ್ಷದಿಂದ, ದೊಡ್ಡವಳು ಹೋದ ಮೇಲೆ, ಚಿಕ್ಕವಳು ಅಂಥ ಮಡಿಗೆ ಬಿಳಿ ಬಟ್ಟೆ ಕಟ್ಟತೊಡಗಿದ್ದಳು.

"ಈ ಮಡಿಗೆ ನೀರು ಹಾಕಿದ್ಯಾರು?" ಎಂದ ಅಪ್ಪ.

ಅಮ್ಮ, ಚಿಕ್ಕವಳು ಮುಖ ಮುಖ ನೋಡಿಕೊಂಡರು. ದೊಡ್ಡವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಾನು. ದಂಡದ ಕ್ಯಾನು. ಎಲ್ಲ ಅಲ್ಲಿಗೇ ಹಾಕಿದೆ."

ಅಪ್ಪ ಸೀಳಿದ ಸಸಿಯನ್ನು ಕೆಳಗಿಟ್ಟು ಮೇಷ್ಟ್ರ ಕಡೆ ತಿರುಗಿದ. "ನೋಡಿ ಮೇಷ್ಟ್ರೇ, ಇವಳಿಗೆ ದಂಡ ಹಾಕ್ದೋನು ನಾನು. ಕಟ್ಟಿದ್ದು ನೀವು." ಮೇಷ್ಟ್ರಿಗೆ ಅರ್ಥವಾಗದಿದ್ದರೂ ನಕ್ಕರು. ಆರುನೂರ ತೊಂಬತ್ತಕ್ಕೆ ಬದಲು ಏಳುನೂರು ಸಸಿ ಬೇರೆ ಮಡಿಯಿಂದ ಕೊಡುವುದು, ದೊಡ್ಡವಳೇ ಹೋಗಿ ನೆಟ್ಟುಕೊಡುವುದು ಎಂದಾಯಿತು.

ಎರಡು ದಿನ ಅವಳು ಮೇಷ್ಟ್ರ ಹೊಲದಲ್ಲಿ ದಾರದ ಗುಂಟ ಬಗ್ಗಿ ಸಸಿ ನೆಟ್ಟಳು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ಎರಡನೆಯ ಸಂಜೆ ಸೊಂಟ ಹಿಡಿದುಕೊಂಡು ಒಳಗೆ ಬಂದಾಗ ಅಜ್ಜಿಯ ಮುಂದೆ ತುಂಬಿದ ಬಟ್ಟಲಿತ್ತು. ನೆಲದ ಮೇಲೆ ಚಿಂದಿ ಸುತ್ತಿದ ಚಮಚ ಬಿದ್ದಿತ್ತು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಚಿಕ್ಕವಳು ಮಂಚದ ಕಾಲಿಗೆ ಒರಗಿ ಕೂತಿದ್ದಳು.

"ಅಜ್ಜಿ ಇನ್ನೂ ಉಂಡಿಲ್ವಾ? ನೋಡ್ಕೊಂಡು ಕೂತಿದೀಯಲ್ಲೇ, ನಿನಗೆ ಕರುಳಿಲ್ವಾ?"

"ನಿನ್ನೆ ಬೆಳಿಗ್ಗೆ ಒಂದು ಗಂಟೆ ಕಾದು ಕೊನೆಗೆ ನಾನೇ ಉಣಿಸಿದೆ. ಮಧ್ಯಾಹ್ನಾನೂ ಅಷ್ಟೇ. ಇವತ್ತೂ ಅದೇ." ಚಿಕ್ಕವಳ ದನಿಯಲ್ಲಿ ಜಗಳವಿರಲಿಲ್ಲ. "ಹಿಡ್ಕೊಳ್ತಾ ಇಲ್ಲ ಅಕ್ಕ. ಹಟ ಅಂದ್ಕೊಂಡೆ. ಹಟ ಅಲ್ಲ. ಬರ್ತಾ ಇಲ್ಲ."

ದೊಡ್ಡವಳು ಚಮಚ ಎತ್ತಿ ಒರೆಸಿ ಅಜ್ಜಿಯ ಎಡಗೈಯಲ್ಲಿಟ್ಟಳು. ಬೆರಳುಗಳು ಮಡಿಚಿಕೊಂಡವು, ಸಡಿಲಾದವು, ಚಮಚ ಜಾರಿತು.

"ಬಿಡ್ರೇ," ಎಂದಳು ಅಜ್ಜಿ ಗೋಡೆಗೆ. "ಇಷ್ಟು ವರ್ಷ ದುಡಿದಿದೆ ಈ ಕೈ. ಸಾಕಂತೆ ಅದಕ್ಕೆ."

ಚಿಕ್ಕವಳು ಎದ್ದು ಕ್ಯಾಲೆಂಡರನ್ನೂ ಅದರಡಿ ತೂಗಿದ್ದ ಹೋದ ವರ್ಷದ್ದನ್ನೂ ತಂದು ಅಕ್ಕನ ಮುಂದೆ ಹಿಡಿದಳು. "ಇದು ಅಜ್ಜಿ ಆರಿಸಿದ ಬೀಜ. ದಿನಕ್ಕೆ ಎಷ್ಟು ಅಂತ." ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದಳು. ಲಕ್ವ ಹೊಡೆದ ಎರಡನೆಯ ತಿಂಗಳಲ್ಲಿ ಮೂರು, ಐದು, ಐದು, ಸೊನ್ನೆ, ಏಳು. ಮಳೆಗಾಲದಲ್ಲಿ ನಲವತ್ತು, ಐವತ್ತೆರಡು. ದೊಡ್ಡವಳು ಬರುವ ಹಿಂದಿನ ದಿನ ಮುನ್ನೂರ ಹನ್ನೆರಡು. ಅದಾದ ಮೇಲೆ ಒಂದು ವಾರ ಅಷ್ಟಿಷ್ಟು. ಆಮೇಲೆ ಖಾಲಿ ಮನೆಗಳು. ಇವತ್ತಿನ ಮನೆಯಲ್ಲಿ ಒಂಬತ್ತು.

ದೊಡ್ಡವಳು ಸ್ಟೂಲಿನ ಮೇಲೆ ಕೂತಳು. ಮರದ ಚಮಚ ಅವಳ ಎದುರು ಕಪಾಟಿನಲ್ಲಿತ್ತು. ಬಹಳ ಹೊತ್ತು ಅದನ್ನೇ ನೋಡಿದಳು.

"ಆ ನೀಲಿ ಟೊಪ್ಪಿಯವಳು ಬಂದಾಗ," ಎಂದಳು ಕೊನೆಗೆ, "ಆ ಚಮಚ ಅವಳ ಕೋಟಿನ ಜೇಬಲ್ಲಿ ಇರ್ತಿತ್ತು. ಯಾರನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ತಾನೇ ಉಣ್ಣೋಳು. ಎಲ್ಲರದೂ ಮುಗಿದು ಮೇಜು ಒರೆಸಿದ್ರೂ ಅವಳದು ಮುಗೀತಿರ್ಲಿಲ್ಲ. ಹನ್ನೆರಡೂವರೆಗೆ ಮೇಜು ಖಾಲಿ ಮಾಡ್ಬೇಕಿತ್ತು ನಾವು. ಪಾಪ ಅಂತ ನಾನೇ ಉಣಿಸೋಕೆ ಶುರು ಮಾಡ್ದೆ. ಬೇಡ ಬೇಡ ಅಂದ್ಲು, ಆಮೇಲೆ ಸುಮ್ಮನಾದ್ಲು. ನನ್ನ ಮೇಜೇ ಎಲ್ಲಕ್ಕಿಂತ ಬೇಗ ಮುಗಿಯುತ್ತೆ ಅಂತ ಮೇಲ್ವಿಚಾರಕಿ ಹೊಗಳ್ತಿದ್ರು."

"ಆಮೇಲೆ?"

"ಆಮೇಲೇನು. ನಾನು ಹೊರಡೋ ದಿನ ಚಮಚ ನಂಗೆ ಕೊಟ್ಲು. ಪ್ರೀತಿಗೆ ಕೊಟ್ಲು ಅಂದ್ಕೊಂಡೆ." ತನ್ನ ಮಣ್ಣು ಮೆತ್ತಿದ ಉಗುರುಗಳನ್ನು ನೋಡಿಕೊಂಡಳು. "ಪ್ರೀತೀನೂ ಇತ್ತೇನೋ. ಆದ್ರೆ ಅವಳಿಗೆ ಅದು ಇನ್ನು ಬೇಕಿರ್ಲಿಲ್ಲ ಕಣೆ."

ಚಿಕ್ಕವಳು ಎದ್ದು ಹೋಗಿ ಗಂಜಿ ಬಿಸಿ ಮಾಡಿ ತಂದಳು. ಅಂದು ಒಂದು ಚಮಚ ಅಕ್ಕ, ಒಂದು ಚಮಚ ತಂಗಿ ಉಣಿಸಿದರು. ಅಜ್ಜಿ ಎರಡು ಕಡೆಗೂ ಮುಖ ತಿರುಗಿಸಿ ಬಾಯಿ ತೆರೆಯುತ್ತ, "ಹಕ್ಕಿ ಮರಿ ಮಾಡಿಬಿಟ್ರಿ ನನ್ನ," ಎಂದಳು.

ಮರುದಿನದಿಂದ ಚಿಕ್ಕವಳು ಅಕ್ಕನಿಗೆ ತನ್ನ ವಿದ್ಯೆ ಹೇಳಿಕೊಟ್ಟಳು. ಚಮಚದ ಹಿಡಿಗೆ ಇನ್ನೊಂದು ಸುತ್ತು ಚಿಂದಿ, ದಪ್ಪಗಿದ್ದಷ್ಟೂ ಹಿಡಿತ ಸಿಗುತ್ತದೆ. ಗಂಜಿ ನೀರಾಗಿರಬಾರದು. ಹಸಿವಾಗಿ ಬೈಯತೊಡಗುವ ಮೊದಲು ಬಟ್ಟಲು ಮುಂದಿಡಬಾರದು. "ಅಜ್ಜಿ ಬೈತಾಳೆ. ಬೈಸ್ಕೋ. ನಿನ್ನ ಮುಖ ನೋಡಿ ಅಳ್ತಾಳೆ, ಅದು ಅರ್ಧ ನಾಟಕ. ಇನ್ನರ್ಧ ನಿಜ. ಯಾವುದು ಯಾವುದು ಅಂತ ನಂಗೂ ಹನ್ನೊಂದು ತಿಂಗಳು ಗೊತ್ತಾಗ್ಲಿಲ್ಲ."

"ನಾನು ಇಲ್ಲೇ ಇದೀನಿ, ಕೇಳಿಸ್ತದೆ," ಎಂದಳು ಅಜ್ಜಿ.

ತಿಂಗಳ ಕೊನೆಗೆ ನಾಲ್ಕು ದಿನವಿರುವಾಗ ದೊಡ್ಡವಳು ಅಡುಗೆಮನೆಯ ಮೇಜಿನಲ್ಲಿ ಒಮ್ಮೆಗೇ ಕೂತು ಎರಡು ಕಾಗದ ಬರೆದಳು. ಸಂಸ್ಥೆಯವರ ವರದಿ ಎರಡು ಪುಟ ಆಗಲಿಲ್ಲ. ಹದಿಮೂರು ಜನರ ಸಾಲಿನ ಕೆಳಗೆ ಹೀಗೆ ಬರೆದಳು: 'ನನ್ನ ಮೇಜು ದಿನಾ ಹನ್ನೆರಡೂವರೆಗೆ ಮುಗಿಯುತ್ತಿತ್ತು. ಅದು ಒಂದೂವರೆಗೆ ಮುಗಿಯಬೇಕಿತ್ತು. ನನ್ನ ನಂತರ ಬರುವವರಿಗೆ ಈ ಮಾತನ್ನು ಮೊದಲ ದಿನವೇ ಹೇಳಿ.' ಮೇಲ್ವಿಚಾರಕಿಗೆ ಬರೆದದ್ದು ಇನ್ನೂ ಚಿಕ್ಕದು. ಈ ವರ್ಷ ಬರಲಾಗುವುದಿಲ್ಲ, ತಂಗಿಯ ಒಂದು ವರ್ಷ ತನ್ನ ಮೇಲಿದೆ. ಜೊತೆಗೆ ಕಳಿಸಿದ ಚಮಚವನ್ನು ನೀಲಿ ಟೊಪ್ಪಿಯವರ ಕೈಯಲ್ಲೇ ಕೊಡಿ, ಹಿಡಿಗೆ ಬಟ್ಟೆ ಸುತ್ತಿದ್ದೇನೆ, ಬಿಚ್ಚಬೇಡಿ.

ಅಪ್ಪ ಓದಿಸಿ ಕೇಳಿದ. "ಅಷ್ಟು ಒಳ್ಳೆ ಚಮಚ," ಎಂದ.

"ಅವಳದು, ಅಪ್ಪ."

"ಹಿಡೀತಾಳಾ ಆಯಮ್ಮ?"

"ಗೊತ್ತಿಲ್ಲ."

ಅಮ್ಮ ಹಳೆಯ ಹಿಟ್ಟಿನ ಚೀಲ ಕತ್ತರಿಸಿ ಕೊಟ್ಟಳು. ಚಮಚವನ್ನು ಅದರಲ್ಲಿ ಸುತ್ತಿ, ಸಸಿಯ ಕಟ್ಟಿಗೆ ಕಟ್ಟುವ ನಾರಿನಿಂದಲೇ ಬಿಗಿದರು.

ಹೊರಡುವ ಬೆಳಿಗ್ಗೆ ಚಿಕ್ಕವಳ ಕೈಯಲ್ಲಿ ಒಂದು ಪೆಟ್ಟಿಗೆ, ಒಂದು ಸ್ಪ್ಯಾನರಿನ ಚೀಲ, ಪಟ್ಟಣದ ಅಂಚೆಗೆ ಹಾಕಬೇಕಾದ ಆ ಪೊಟ್ಟಣ. ಅಜ್ಜಿ ಅವಳ ಕೆನ್ನೆಯನ್ನು ಎಡಗೈಯಿಂದ ತಟ್ಟಿದಳು, ತಟ್ಟುವ ನೆಪದಲ್ಲಿ ಚಿವುಟಲೂ ನೋಡಿದಳು. ಬೆರಳಿಗೆ ಅಷ್ಟು ಬಲ ಬಂದಿರಲಿಲ್ಲ.

"ಹೋಗು ಜೈಲರಮ್ಮ. ಇನ್ನು ನಾನು ತಪ್ಪಿಸ್ಕೊಳ್ತೀನಿ."

"ಹೊಸ ಜೈಲರಮ್ಮನಿಗೆ ಬೀಗದ ಕೈ ಕೊಟ್ಟಿದೀನಿ ಅಜ್ಜಿ."

ಬಸ್ಸಿನ ತನಕ ದೊಡ್ಡವಳು ಪೆಟ್ಟಿಗೆ ಹೊತ್ತು ಬಂದಳು. ಬಸ್ಸು ಕಾಣಿಸಿದಾಗ, "ಲೆಕ್ಕ ಸರಿಹೋಯ್ತಲ್ಲ?" ಎಂದಳು.

"ಇವತ್ತಿಗೆ ಶುರು," ಎಂದಳು ಚಿಕ್ಕವಳು. "ಒಂದು ವರ್ಷ ಆದ್ಮೇಲೆ ಬಂದು ಕ್ಯಾಲೆಂಡರು ನೋಡಿ ಹೇಳ್ತೀನಿ." ಮೆಟ್ಟಿಲ ಮೇಲಿಂದ ತಿರುಗಿ, "ಅಕ್ಕ, ಕೊನೇ ಎರಡು ಮಡಿಗೆ ಇವತ್ತು ಬಿಳಿ ಬಟ್ಟೆ ಕಟ್ಟು. ಮರೀಬೇಡ," ಎಂದಳು.

ಮನೆಗೆ ಬಂದು ದೊಡ್ಡವಳು ಎರಡು ಮಡಿಗೂ ಬಟ್ಟೆ ಕಟ್ಟಿದಳು. ಒಳಗೆ ಬಂದಾಗ ಅಜ್ಜಿ ಬೈಯತೊಡಗಿದ್ದಳು. ಬಟ್ಟಲು ಮುಂದಿಟ್ಟು, ಚಮಚ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಎದುರಿಗೆ ಕೂತಳು. ಮೊದಲ ಚಮಚ ಎದೆಯ ಮೇಲೆ ಹೋಯಿತು. ಎರಡನೆಯದು ಅರ್ಧ ಬಾಯಿಗೆ. ದೊಡ್ಡವಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಗಂಜಿ ಆರಿತು, ಕೆನೆಗಟ್ಟಿತು. ಅಪ್ಪ ಬಂದು ಉಂಡು ಹೋದ, ಅಮ್ಮ ಬಂದು ಉಂಡು ಹೋದಳು. ಬಟ್ಟಲು ಖಾಲಿಯಾದಾಗ ಕಿಟಕಿಯ ಬಿಸಿಲು ಮಂಚದಿಂದಿಳಿದು ನೆಲಕ್ಕೆ ಬಂದಿತ್ತು.

ಆಮೇಲೆ ಬೀಜದ ತಟ್ಟೆ. ಒಂದೊಂದಾಗಿ ಆರಿಸಿ ಸಾಕೆಂದು ಅಜ್ಜಿ ಹಿಂದಕ್ಕೆ ಒರಗಿದಳು. ದೊಡ್ಡವಳು ಎಣಿಸಿ, ಪೆನ್ಸಿಲು ತೆಗೆದುಕೊಂಡು ಕ್ಯಾಲೆಂಡರಿನ ಹತ್ತಿರ ಹೋದಳು.

"ಎಷ್ಟಾಯ್ತೇ?"

"ಇಪ್ಪತ್ತಾರು ಅಜ್ಜಿ."

"ಸುಳ್ಳು. ಇಪ್ಪತ್ತೇಳು. ಒಂದು ಕೆಳಗೆ ಬಿತ್ತು, ಮಂಚದಡಿ ನೋಡು."

ದೊಡ್ಡವಳು ಮೊಣಕಾಲೂರಿ ಮಂಚದಡಿ ಕೈ ಹಾಕಿ ತಡಕಿದಳು. ಬೀಜ ಸಿಕ್ಕಿತು. ಅದನ್ನು ಒಳ್ಳೆಯದರ ರಾಶಿಗೆ ಸೇರಿಸಿ, ಇಪ್ಪತ್ತೇಳು ಎಂದು ಬರೆದಳು.